ಜೇನುಪೆಟ್ಟಿಗೆ ಮುನಿದಾಗ: ಹಿತ್ತಲ ಸಾಕಣೆಗಾರರಿಗೊಂದು ಮಾರ್ಗದರ್ಶಿ

ಹಿತ್ತಲಲ್ಲಿ ಒಂದೆರಡು ಪೆಟ್ಟಿಗೆ ಇಟ್ಟುಕೊಂಡು ಜೇನು ಸಾಕುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: ಇಷ್ಟು ದಿನ ಸಾಧುವಾಗಿದ್ದ ಕುಟುಂಬ ಈಗ ಮುಚ್ಚಳಕ್ಕೆ ಕೈಹಾಕುವ ಮೊದಲೇ ಮೇಲೇರಿ ಬರುತ್ತಿದೆ, ರಾಣಿಯನ್ನು ಬದಲಿಸಬೇಕೇ? ಬಹಳಷ್ಟು ಸಲ ಜೇನಿನ ಕೋಪವು ಬೇರೊಂದು ತೊಂದರೆಯ ಲಕ್ಷಣವಾಗಿರುತ್ತದೆ. ಆ ತೊಂದರೆ ನೀಗಿದರೆ ಕೋಪವೂ ಇಳಿಯುತ್ತದೆ. ಕೆಲವು ಸಲ ಮಾತ್ರ ಅದು ಹುಟ್ಟಿನಿಂದಲೇ ಬಂದ ಗುಣವಾಗಿರುತ್ತದೆ, ಆಗ ರಾಣಿಯನ್ನು ಬದಲಿಸದೆ ಬೇರೆ ದಾರಿಯಿಲ್ಲ. ಇವೆರಡರಲ್ಲಿ ಯಾವುದು ಎಂದು ತಿಳಿಯುವ ಮೊದಲೇ ರಾಣಿಯನ್ನು ಕೊಲ್ಲುವುದು ಅವಸರವಾಗುತ್ತದೆ. ತಿಳಿದ ಮೇಲೂ ಮುಂದಿನ ಹಂಗಾಮಿಗೆ ನೋಡೋಣ ಎಂದು ಮುಂದೂಡುವುದು ಮನೆಯವರಿಗೂ ನೆರೆಯವರಿಗೂ ಅಪಾಯ ತರುತ್ತದೆ.

ಜೇನು ಕುಟುಕುವುದು ಹೇಗೆ ಹಬ್ಬುತ್ತದೆ ಎಂಬುದನ್ನು ತಿಳಿದಿದ್ದರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಕೆಲಸಗಾರ ನೊಣದ ಕೊಂಡಿಗೆ ಹಿಮ್ಮುಖವಾದ ಸಣ್ಣ ಹಲ್ಲುಗಳಿರುವುದರಿಂದ ಅದು ನಮ್ಮ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತದೆ, ವಿಷದ ಚೀಲವೂ ಕಿತ್ತು ಅದರೊಂದಿಗೆ ಉಳಿಯುತ್ತದೆ, ನೊಣ ಸಾಯುತ್ತದೆ. ಹಾಗೆ ಉಳಿದ ಕೊಂಡಿಯಿಂದ ಎಚ್ಚರಿಕೆಯ ಗಂಧವೊಂದು ಹೊರಡುತ್ತದೆ. ಕೀಟಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸ್ರವಿಸುವ ಇಂತಹ ರಾಸಾಯನಿಕಗಳನ್ನು ಫೆರೊಮೋನ್ ಎನ್ನುತ್ತಾರೆ. ಜೇನಿನ ಎಚ್ಚರಿಕೆಯ ಫೆರೊಮೋನಿನಲ್ಲಿ ಮುಖ್ಯವಾದದ್ದು ಐಸೋಅಮೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನ ವಾಸನೆಯೂ ಇದರದೇ. ಒಂದು ನೊಣ ಕುಟುಕಿದ ಜಾಗಕ್ಕೇ ಇನ್ನೂ ಹತ್ತು ನೊಣಗಳು ಬಂದು ಕುಟುಕುವುದು ಈ ಕಾರಣಕ್ಕೆ. ಪೆಟ್ಟಿಗೆ ತೆರೆಯುವ ದಿನ ಬಾಳೆಹಣ್ಣು ತಿಂದು ಹೋಗಬಾರದು ಎಂದು ಹಳಬರು ಹೇಳುವುದರಲ್ಲಿ ಅರ್ಥವಿದೆ.

ಸಿದ್ಧವಾಗಿಟ್ಟುಕೊಳ್ಳಬೇಕಾದವು

ತಿಳಿಬಣ್ಣದ, ನುಣುಪಾದ ಬಟ್ಟೆಯ ಪೂರ್ಣ ಉಡುಪು, ಹರಿಯದ ಮುಖಪರದೆ, ಮೊಣಕೈವರೆಗೆ ಬರುವ ಕೈಗವಸು, ಪ್ಯಾಂಟಿನ ಅಂಚು ಒಳಸೇರಿಸಬಹುದಾದ ಎತ್ತರದ ಬೂಟು ಇರಬೇಕು. ಕಡುಬಣ್ಣವೂ ಉಣ್ಣೆಯಂಥ ನವಿರುಳ್ಳ ಬಟ್ಟೆಯೂ ನೊಣಗಳನ್ನು ಕೆರಳಿಸುತ್ತವೆ. ಹೊಗೆತಿದಿ, ನೊಣಗಳು ಎರಿ (ಮೇಣದ ಗೂಡು) ಕಟ್ಟುವ ಚೌಕಟ್ಟುಗಳನ್ನು ಮೀಟಲು ಹೈವ್ ಟೂಲ್ ಎನ್ನುವ ಚಪ್ಪಟೆ ಉಕ್ಕಿನ ಪಟ್ಟಿ, ಎರಿಗಳನ್ನು ಮುಚ್ಚಲು ಒದ್ದೆ ಬಟ್ಟೆಯ ಎರಡು ತುಂಡು, ಒಂದು ಖಾಲಿ ಪೆಟ್ಟಿಗೆ, ರಾಣಿತಡೆ ಜಾಲರಿ, ರಾಣಿಯನ್ನು ಇಡುವ ಸಣ್ಣ ಪಂಜರ ಇವಿಷ್ಟೂ ಕೈಗೆ ಸಿಗುವಂತಿರಲಿ. ರಾಣಿತಡೆ ಜಾಲರಿ ಎಂದರೆ ಕೆಲಸಗಾರ ನೊಣಗಳು ನುಸುಳಬಲ್ಲ, ಮೈ ದಪ್ಪವಿರುವ ರಾಣಿ ಮತ್ತು ಗಂಡು ನೊಣಗಳು ನುಸುಳಲಾರದ ಸಂದುಗಳಿರುವ ಜಾಲರಿ. ನಮ್ಮ ನಾಡಿನ ಜೇನಾದ ತುಡುವೆಗೂ ಯುರೋಪಿನಿಂದ ಬಂದ ಮೆಲ್ಲಿಫೆರಾ ಜೇನಿಗೂ ಮೈಯಳತೆ ಬೇರೆಯಾದ್ದರಿಂದ ನೀವು ಸಾಕಿರುವ ಜಾತಿಗೆ ಹೊಂದುವ ಜಾಲರಿಯನ್ನೇ ಬಳಸಬೇಕು.

ಇವೆಲ್ಲಕ್ಕಿಂತ ಮುಖ್ಯವಾಗಿ, ಜೊತೆಗೊಬ್ಬರು ಇರಬೇಕು. ಮುನಿದ ಪೆಟ್ಟಿಗೆಯನ್ನು ಒಬ್ಬರೇ ತೆರೆಯಬೇಡಿ. ಆ ಇನ್ನೊಬ್ಬರು ಕೆಲಸಕ್ಕೆ ಕೈಹಾಕದಿದ್ದರೂ ಸರಿ, ಉಡುಪು ಧರಿಸಿ ದೂರದಲ್ಲಿ ಫೋನ್ ಹಿಡಿದು ನಿಂತಿದ್ದರೆ ಸಾಕು.

ಹಂತ 1: ಮೊದಲು ಜನರ ರಕ್ಷಣೆ

ಕಾರಣ ಹುಡುಕುವ ಕೆಲಸ ಕೆಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಮಕ್ಕಳು, ಸಾಕುಪ್ರಾಣಿಗಳು ಮತ್ತು ನೆರೆಯವರು ಪೆಟ್ಟಿಗೆಯ ಹಾರುದಾರಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ. ಕಟ್ಟಿಹಾಕಿದ ನಾಯಿ ಅಥವಾ ದನ ತಪ್ಪಿಸಿಕೊಳ್ಳಲಾರದೆ ಅತಿ ಹೆಚ್ಚು ಕುಟುಕಿಸಿಕೊಳ್ಳುತ್ತದೆ, ಆದ್ದರಿಂದ ಪೆಟ್ಟಿಗೆಯ ಹತ್ತಿರ ಯಾವ ಪ್ರಾಣಿಯನ್ನೂ ಕಟ್ಟಬಾರದು. ನೆರೆಯವರಿಗೆ ವಿಷಯ ತಿಳಿಸಲು ಹಿಂಜರಿಯಬೇಡಿ. ಮೊದಲೇ ಹೇಳಿದವರನ್ನು ಕ್ಷಮಿಸುವಷ್ಟು ಸುಲಭವಾಗಿ, ಕುಟುಕಿಸಿಕೊಂಡ ಮೇಲೆ ಸಮಜಾಯಿಷಿ ಕೊಡುವವರನ್ನು ಯಾರೂ ಕ್ಷಮಿಸುವುದಿಲ್ಲ. ಪ್ರವೇಶದ್ವಾರದ ಮುಂದೆ ಸ್ವಲ್ಪ ಅಂತರದಲ್ಲಿ ಆಳೆತ್ತರಕ್ಕಿಂತ ಎತ್ತರದ ಬೇಲಿಯನ್ನೋ ಪರದೆಯನ್ನೋ ನಿಲ್ಲಿಸಿದರೆ ನೊಣಗಳು ಮೇಲೇರಿ ಹಾರುತ್ತವೆ, ನಡೆದಾಡುವವರ ಮುಖದ ಮಟ್ಟದಲ್ಲಿ ಹಾರುವುದು ಕಡಿಮೆಯಾಗುತ್ತದೆ.

ನೊಣಗಳು ಗುಂಪಾಗಿ ಮೇಲೆ ಬಿದ್ದರೆ ಮುಖವನ್ನು, ಅದರಲ್ಲೂ ಕಣ್ಣು, ಮೂಗು, ಬಾಯಿಗಳನ್ನು ಮುಚ್ಚಿಕೊಂಡು ನಿಲ್ಲದೆ ಓಡಿ, ಮನೆಯೊಳಗೋ ಮುಚ್ಚಿದ ವಾಹನದೊಳಗೋ ಸೇರಿಕೊಳ್ಳಿ. ನಾಲ್ಕಾರು ನೊಣ ಒಳಬಂದರೂ ಚಿಂತೆಯಿಲ್ಲ. ಕೈಬೀಸಿ ಹೊಡೆಯುವುದರಿಂದ ಎಚ್ಚರಿಕೆಯ ಗಂಧ ಇನ್ನಷ್ಟು ಹರಡುತ್ತದೆ. ನೀರಿಗೆ ಹಾರಬೇಡಿ, ನೀವು ತಲೆ ಎತ್ತುವವರೆಗೆ ನೊಣಗಳು ಮೇಲೆಯೇ ಸುತ್ತುತ್ತಿರುತ್ತವೆ.

ಕೊಂಡಿಯನ್ನು ಎಷ್ಟು ಬೇಗ ತೆಗೆಯುತ್ತೀರಿ ಎಂಬುದೇ ಮುಖ್ಯ, ಹೇಗೆ ತೆಗೆಯುತ್ತೀರಿ ಎಂಬುದಲ್ಲ. ವಿಷದ ಬಹುಪಾಲು ಮೊದಲ 20 ಸೆಕೆಂಡುಗಳಲ್ಲೇ ದೇಹ ಸೇರುವುದರಿಂದ, ಕೆರೆದು ತೆಗೆಯಲು ಸರಿಯಾದ ಸಾಧನವನ್ನು ಹುಡುಕುತ್ತ ನಿಲ್ಲಬಾರದು. ಉಗುರಿನಿಂದ ಕಿತ್ತರೂ ಆಗುತ್ತದೆ. ಕುಟುಕಿದ ಜಾಗದಲ್ಲಿ ಊತ, ಉರಿ, ತುರಿಕೆ ಸಹಜ. ಆದರೆ ಕುಟುಕಿದ ಜಾಗದಿಂದ ದೂರದಲ್ಲಿ ಮೈಮೇಲೆ ದದ್ದು ಏಳುವುದು, ತುಟಿ ಅಥವಾ ನಾಲಿಗೆ ಊದುವುದು, ಧ್ವನಿ ಕಟ್ಟುವುದು, ಉಸಿರು ಹಿಡಿಯುವುದು, ತಲೆಸುತ್ತು, ವಾಂತಿ, ಪ್ರಜ್ಞೆ ತಪ್ಪುವುದು ಇವು ಅನಾಫಿಲ್ಯಾಕ್ಸಿಸ್ ಎಂಬ ಮಾರಕ ಅಲರ್ಜಿಯ ಲಕ್ಷಣಗಳು. ಆಗ ತಕ್ಷಣ ತುರ್ತು ವೈದ್ಯಕೀಯ ನೆರವು ಕರೆಯಬೇಕು. ವೈದ್ಯರು ಮೊದಲೇ ಎಪಿನೆಫ್ರಿನ್ ಚುಚ್ಚುಮದ್ದು ಕೊಟ್ಟಿದ್ದರೆ ಅದನ್ನು ಕೂಡಲೇ ತೊಡೆಯ ಹೊರಬದಿಗೆ ಚುಚ್ಚಬೇಕು. ಚುಚ್ಚುಮದ್ದಿನಿಂದ ಆರಾಮವಾದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವರಲ್ಲಿ ಕೆಲವು ಗಂಟೆಗಳ ನಂತರ ಲಕ್ಷಣಗಳು ಮರುಕಳಿಸುತ್ತವೆ. ಅಲರ್ಜಿಗೆ ನುಂಗುವ ಮಾತ್ರೆಗಳು ಈ ಚುಚ್ಚುಮದ್ದಿಗೆ ಬದಲಿಯಾಗಲಾರವು. ಅಲರ್ಜಿಯೇ ಇಲ್ಲದವರೂ ಹತ್ತಾರು ನೊಣಗಳಿಂದ ಕುಟುಕಿಸಿಕೊಂಡಿದ್ದರೆ ವೈದ್ಯರನ್ನು ಕಾಣಬೇಕು. ವಿಷದ ಪ್ರಮಾಣ ಹೆಚ್ಚಾದಾಗ ಸ್ನಾಯು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗಬಹುದು, ಮಕ್ಕಳಿಗೆ ಈ ಅಪಾಯ ಇನ್ನೂ ಕಡಿಮೆ ಸಂಖ್ಯೆಯ ಕುಟುಕಿನಲ್ಲೇ ಬರುತ್ತದೆ. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಜೇನಿನ ಕೆಲಸಕ್ಕೆ ಇಳಿಯುವ ಮೊದಲು ವೈದ್ಯರೊಂದಿಗೆ ಮಾತನಾಡುವುದು ಒಳ್ಳೆಯದು, ಆ ಮಾತ್ರೆಗಳು ಎಪಿನೆಫ್ರಿನ್ನಿನ ಪರಿಣಾಮವನ್ನು ತಗ್ಗಿಸಬಲ್ಲವು.

ದಾರಿಹೋಕರ ಮೇಲೂ ದಾಳಿ ನಡೆಯುತ್ತಿದ್ದರೆ ಕಾರಣ ಹುಡುಕುವುದನ್ನು ಬದಿಗಿಟ್ಟು, ರಾತ್ರಿ ನೊಣಗಳೆಲ್ಲ ಒಳಸೇರಿದ ಮೇಲೆ ಪ್ರವೇಶದ್ವಾರಕ್ಕೆ ಗಾಳಿಯಾಡುವ ತಂತಿಬಲೆ ಬಿಗಿದು, ಪೆಟ್ಟಿಗೆಗೆ ಪಟ್ಟಿ ಕಟ್ಟಿ, ಜನವಸತಿ ಇಲ್ಲದ ಕಡೆಗೆ ಸಾಗಿಸಿ. ಹೊಸ ಜಾಗ ಕೆಲವು ಕಿಲೋಮೀಟರ್ ದೂರದಲ್ಲಿರಬೇಕು. ಹತ್ತಿರವಾದರೆ ಮೇವಿಗೆ ಹೊರಟ ನೊಣಗಳು ಹಳೆಯ ಜಾಗಕ್ಕೇ ಮರಳುತ್ತವೆ.

ಹಂತ 2: ಕೋಪವನ್ನು ಅಳೆಯಿರಿ

ಜೇನು ಜೋರಾಗಿದೆ ಎಂಬ ಮಾತಿನಿಂದ ಏನೂ ತಿಳಿಯದು. ನಾಲ್ಕು ವರ್ತನೆಗಳನ್ನು ಬೇರೆ ಬೇರೆಯಾಗಿ ಗಮನಿಸಿ ಬರೆದಿಡಿ. ಚೌಕಟ್ಟು ಎತ್ತಿದಾಗ ನೊಣಗಳು ಎರಿಯ ಮೇಲೆ ನೆಲೆನಿಲ್ಲುತ್ತವೆಯೇ ಅಥವಾ ಓಡಾಡಿ ಕೆಳ ಅಂಚಿನಲ್ಲಿ ಗೊಂಚಲಾಗಿ ಉದುರುತ್ತವೆಯೇ? ಎಷ್ಟು ನೊಣಗಳು ಮುಖಪರದೆಗೆ ಬಂದು ಬಡಿಯುತ್ತವೆ? ಕೈಗವಸಿನ ಮೇಲೆ ಎಷ್ಟು ಕೊಂಡಿಗಳು ಉಳಿದಿವೆ? ಕೆಲಸ ಮುಗಿಸಿ ಹೊರಟಾಗ ಎಷ್ಟು ದೂರ ಬೆನ್ನಟ್ಟುತ್ತವೆ?

ಎರಿಯ ಮೇಲೆ ಓಡಾಡುವ ನೊಣಗಳು ಕಿರಿಕಿರಿ ತರುತ್ತವೆಯೇ ಹೊರತು ಅವು ಅಪಾಯದ ಗುರುತಲ್ಲ. ನನ್ನ ಮಟ್ಟಿಗೆ ಈ ನಾಲ್ಕರಲ್ಲಿ ಬೆನ್ನಟ್ಟುವುದೇ ನಿರ್ಣಾಯಕ. ಪೆಟ್ಟಿಗೆ ತೆರೆದಾಗ ನಾಲ್ಕು ನೊಣ ಪರದೆಗೆ ಬಡಿದು, ಹತ್ತು ಹೆಜ್ಜೆ ದೂರ ಸರಿದಾಗ ಬಿಟ್ಟುಹೋದರೆ ಅದು ತನ್ನ ಗೂಡನ್ನು ಕಾಯುವ ಸಾಮಾನ್ಯ ಕುಟುಂಬ. ಯಾರೂ ಮುಟ್ಟದ ದಿನವೂ ಹಿತ್ತಲ ಬಾಗಿಲಲ್ಲಿ ಕಾದಿದ್ದು ಕುಟುಕಿದರೆ, ತೆರೆದ ಮರುದಿನವೂ ಆ ಕೋಪ ಇಳಿಯದಿದ್ದರೆ ಅದು ಬೇರೆಯೇ ವಿಷಯ.

ಒಂದೇ ದಿನದ ಅನುಭವದಿಂದ ತೀರ್ಮಾನಕ್ಕೆ ಬರಬೇಡಿ. ಬಿಸಿಲಿರುವ, ಗಾಳಿ ಕಡಿಮೆ ಇರುವ, ಹೂವು ಹೇರಳವಾಗಿರುವ ದಿನಗಳಲ್ಲಿ ನಡುಹಗಲ ಹೊತ್ತಿಗೆ, ಕನಿಷ್ಠ ಮೂರು ಸಲ, ಸಾಕಷ್ಟು ಹೊಗೆ ಕೊಟ್ಟು ನೋಡಿ. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇದ್ದರೆ ಅದೇ ಹೊತ್ತಿಗೆ ಅದನ್ನೂ ತೆರೆಯಿರಿ. ಎರಡೂ ಕೆರಳಿದ್ದರೆ ಕಾರಣ ಹೊರಗಿದೆ. ಒಂದು ಮಾತ್ರ ಕೆರಳಿದ್ದರೆ ಕಾರಣ ಹೆಚ್ಚಾಗಿ ಆ ಪೆಟ್ಟಿಗೆಯೊಳಗಿದೆ. ಹಿತ್ತಲಲ್ಲಿ ಒಂದೇ ಪೆಟ್ಟಿಗೆ ಸಾಕುವವರಿಗೆ ಈ ಹೋಲಿಕೆಯ ಅನುಕೂಲ ಸಿಗುವುದಿಲ್ಲ, ಆದ್ದರಿಂದಲೇ ಆರಂಭಿಕರು ಎರಡಾದರೂ ಇಟ್ಟುಕೊಳ್ಳುವುದು ಲೇಸು.

ಹಂತ 3: ಕಾರಣ ಹುಡುಕಿ

ಮೇವಿನ ಅಭಾವದಿಂದ ಶುರುಮಾಡಿ. ಹೂವು ಮುಗಿದು ಮಕರಂದ ನಿಂತ ಕೂಡಲೇ ಕೆಲಸವಿಲ್ಲದ ಸಾವಿರಾರು ಮೇವಿನ ನೊಣಗಳು ಗೂಡಿನಲ್ಲಿ ಉಳಿಯುತ್ತವೆ, ಕೂಡಿಟ್ಟ ಜೇನನ್ನು ಕಾಯುವ ಅಗತ್ಯವೂ ಆಗಲೇ ಹೆಚ್ಚುತ್ತದೆ. ಹಿಂದಿನ ತಿಂಗಳು ಬರಿಗೈಯಲ್ಲಿ ಮುಟ್ಟಬಹುದಾಗಿದ್ದ ಕುಟುಂಬ ಈ ತಿಂಗಳು ರೇಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸಕ್ಕರೆ ಪಾಕವನ್ನು ಸಂಜೆ ಹೊತ್ತಿನಲ್ಲಿ ಪೆಟ್ಟಿಗೆಯ ಒಳಗೇ ಇಟ್ಟರೆ ಉಪಯೋಗವಾಗುತ್ತದೆ. ಹೊರಗೆ ತಟ್ಟೆಯಲ್ಲಿ ಇಟ್ಟರೆ ಮುಂದೆ ಹೇಳುವ ಕೊಳ್ಳೆಗೆ ನಾವೇ ಕರೆ ಕೊಟ್ಟಂತಾಗುತ್ತದೆ.

ಕೊಳ್ಳೆ ಎಂದರೆ ಒಂದು ಕುಟುಂಬದ ನೊಣಗಳು ಇನ್ನೊಂದರ ಜೇನನ್ನು ದೋಚುವುದು. ಪ್ರವೇಶದ್ವಾರದಲ್ಲಿ ನೊಣಗಳು ಒಂದನ್ನೊಂದು ಹಿಡಿದು ಉರುಳಾಡುತ್ತಿದ್ದರೆ, ಕೆಲವು ಪೆಟ್ಟಿಗೆಯ ಸಂದುಗಳನ್ನು ಮೂಸುತ್ತ ತೂಗಾಡಿ ಹಾರುತ್ತಿದ್ದರೆ, ಕೆಳಗೆ ಮೇಣದ ಚೂರು ಉದುರಿದ್ದರೆ ಕೊಳ್ಳೆ ನಡೆಯುತ್ತಿದೆ ಎಂದು ತಿಳಿಯಿರಿ. ಪ್ರವೇಶದ್ವಾರವನ್ನು ಒಂದೆರಡು ನೊಣ ಹೋಗುವಷ್ಟಕ್ಕೆ ಕಿರಿದುಗೊಳಿಸಿ, ಸಂದುಗಳನ್ನು ಮುಚ್ಚಿ, ಕೆಲವು ದಿನ ಪೆಟ್ಟಿಗೆ ತೆರೆಯುವುದನ್ನು ನಿಲ್ಲಿಸಿ. ಜೇನು ಮೆತ್ತಿದ ಎರಿಯ ತುಂಡನ್ನು ಹಿತ್ತಲಲ್ಲಿ ಬಿಸಾಡುವ ಅಭ್ಯಾಸವಿದ್ದರೆ ಅದನ್ನು ಇಂದೇ ಬಿಡಿ.

ರಾಣಿ ಇಲ್ಲದ ಕುಟುಂಬವೂ ಕೆರಳುತ್ತದೆ. ಮುಚ್ಚಳ ತೆಗೆದಾಗ ಸಾಮಾನ್ಯ ಗುಂಯ್‌ಗುಡುವಿಕೆಯ ಬದಲು ಏಳುವ ದೀರ್ಘವಾದ ಮೊರೆತ ಅದರ ಸುಳಿವು. ಎರಿಯಲ್ಲಿ ಮೊಟ್ಟೆಗಳನ್ನು ಹುಡುಕಿ. ಎರಿಯ ಪುಟ್ಟ ಕೋಣೆಯಾದ ಕಣದ ತಳದಲ್ಲಿ ಅಕ್ಕಿನುಚ್ಚಿಗಿಂತ ಸಣ್ಣದಾದ ಬಿಳಿಕಡ್ಡಿಯಂತಹ ಒಂದೊಂದೇ ಮೊಟ್ಟೆ ಇದ್ದರೆ ಕಳೆದ ಮೂರು ದಿನಗಳಲ್ಲಿ ರಾಣಿ ಇದ್ದಳು ಎಂದರ್ಥ. ಒಂದೇ ಕಣದಲ್ಲಿ ಹಲವು ಮೊಟ್ಟೆಗಳಿದ್ದು, ಅವು ಕಣದ ಗೋಡೆಗೆ ಅಂಟಿದ್ದರೆ ಕೆಲಸಗಾರ ನೊಣಗಳೇ ಮೊಟ್ಟೆಯಿಡಲು ಆರಂಭಿಸಿವೆ, ಅವುಗಳಿಂದ ಗಂಡು ನೊಣಗಳು ಮಾತ್ರ ಹುಟ್ಟುತ್ತವೆ. ಸಂಶಯವಿದ್ದರೆ ಇನ್ನೊಂದು ಕುಟುಂಬದಿಂದ ಮೊಟ್ಟೆಗಳಿರುವ ಚೌಕಟ್ಟೊಂದನ್ನು, ನೊಣಗಳನ್ನು ಕೊಡವಿ, ಇದರೊಳಗಿಡಿ. ಮೂರು ನಾಲ್ಕು ದಿನಗಳಲ್ಲಿ ರಾಣಿ ಕೋಶಗಳನ್ನು, ಅಂದರೆ ಹೊಸ ರಾಣಿಯನ್ನು ಬೆಳೆಸಲು ಕಟ್ಟುವ ಜೋತುಬೀಳುವ ಉದ್ದನೆಯ ಕಣಗಳನ್ನು, ಕಟ್ಟಲು ಶುರುಮಾಡಿದರೆ ರಾಣಿ ಇಲ್ಲವೆಂಬುದು ಖಚಿತ.

ರಾತ್ರಿ ಬಂದು ಪೆಟ್ಟಿಗೆ ಕೆರೆಯುವ ಪ್ರಾಣಿ, ಹಗಲು ಪ್ರವೇಶದ್ವಾರದ ಮುಂದೆ ಕಾದು ನೊಣ ಹಿಡಿಯುವ ಕಣಜ, ಕಾಲುಗಳನ್ನು ಹತ್ತಿ ಒಳನುಗ್ಗುವ ಇರುವೆ ಇವು ಕುಟುಂಬವನ್ನು ಸದಾ ಯುದ್ಧಸನ್ನದ್ಧವಾಗಿ ಇಡುತ್ತವೆ. ಪೆಟ್ಟಿಗೆಯ ಮುಂದಿನ ಮಣ್ಣಿನಲ್ಲಿ ಗೀರು, ಪಂಜದ ಗುರುತು ಇದೆಯೇ ಎಂದು ಬೆಳಿಗ್ಗೆ ನೋಡಿ. ಹುಲ್ಲು ಕತ್ತರಿಸುವ ಯಂತ್ರದ ಅದುರುವಿಕೆಯೂ ನೊಣಗಳನ್ನು ಕೆಣಕುತ್ತದೆ. ನೊಣಗಳ ಮೈಗೂ ಮರಿಗಳಿಗೂ ಅಂಟಿ ಬದುಕುವ ವರೋವಾ ನುಸಿಯ ಕಾಟವಿದೆಯೇ ಎಂದೂ ಪರೀಕ್ಷಿಸಬೇಕು. ನುಸಿಗೆಂದು ಒಳಗಿಟ್ಟ ಕಟುವಾಸನೆಯ ಔಷಧಿಯಿಂದಲೂ ಕೆಲವು ದಿನ ಕಿರಿಕಿರಿ ಹೆಚ್ಚಬಹುದು.

ಇಷ್ಟೂ ಇಲ್ಲವೆಂದಾದ ಮೇಲೆ ಉಳಿಯುವುದು ವಂಶಗುಣ. ರಾಣಿಯೊಬ್ಬಳು ತನ್ನ ಮೊದಲ ದಿನಗಳಲ್ಲಿ ಹೊರಗೆ ಹಾರಿ ಸಾಮಾನ್ಯವಾಗಿ 10ರಿಂದ 20 ಗಂಡು ನೊಣಗಳೊಂದಿಗೆ ಕೂಡುತ್ತಾಳೆ, ಅವು ಯಾವ ಗೂಡಿನವು ಎಂಬುದು ನಮ್ಮ ಹಿಡಿತದಲ್ಲಿಲ್ಲ. ಕುಟುಂಬ ಪಾಲಾದಾಗ, ಅಂದರೆ ಹಳೆಯ ರಾಣಿ ಅರ್ಧದಷ್ಟು ನೊಣಗಳೊಂದಿಗೆ ಹೊರಟುಹೋದಾಗ, ಅಥವಾ ಮುದಿ ರಾಣಿಯನ್ನು ನೊಣಗಳೇ ಬದಲಿಸಿಕೊಂಡಾಗ, ಹೊಸ ರಾಣಿಯ ಮಕ್ಕಳ ಸ್ವಭಾವ ಬೇರೆಯಾಗಬಹುದು. ಇಲ್ಲೊಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮೆಲ್ಲಿಫೆರಾ ರಾಣಿ ಮೊಟ್ಟೆಯಿಂದ ಹೊರಬರಲು 16 ದಿನ, ಕೂಡಿ ಮೊಟ್ಟೆಯಿಡಲು ತೊಡಗುವುದಕ್ಕೆ ಮತ್ತೆ ಒಂದೂವರೆ ವಾರದಷ್ಟು, ಆ ಮೊಟ್ಟೆ ಕೆಲಸಗಾರ ನೊಣವಾಗಲು 21 ದಿನ, ಆ ನೊಣ ಪ್ರವೇಶದ್ವಾರದಲ್ಲಿ ಕಾವಲು ನಿಲ್ಲಲು ಇನ್ನೂ ಎರಡು ಮೂರು ವಾರ. ಹಾಗಾಗಿ ಕೋಪ ಕಾಣಿಸಿಕೊಂಡ ದಿನದಿಂದ ಸುಮಾರು ಎರಡು ತಿಂಗಳು ಹಿಂದಕ್ಕೆ ಹೋಗಿ ನಿಮ್ಮ ಟಿಪ್ಪಣಿ ಪುಸ್ತಕ ನೋಡಿ. ಆ ಹೊತ್ತಿಗೆ ಪಾಲಾಗಿದ್ದರೆ ಅಥವಾ ರಾಣಿ ಕೋಶ ಕಂಡಿದ್ದರೆ ಹೊಸ ರಾಣಿಯ ಮೇಲೆ ಸಂಶಯಪಡಲು ಆಧಾರವಿದೆ.

ವಂಶಗುಣದ ಅತಿರೇಕಕ್ಕೆ ಹೆಸರಾದದ್ದು ಅಮೆರಿಕ ಖಂಡಗಳ ಆಫ್ರಿಕೀಕೃತ ಜೇನು. 1956ರಲ್ಲಿ ವಾರ್ವಿಕ್ ಕೆರ್ ಎಂಬ ವಿಜ್ಞಾನಿ ಆಫ್ರಿಕದ ರಾಣಿಗಳನ್ನು ಬ್ರೆಜಿಲಿಗೆ ತರಿಸಿದರು. ಮರುವರ್ಷ 26 ಕುಟುಂಬಗಳು ತಪ್ಪಿಸಿಕೊಂಡು ಅಲ್ಲಿದ್ದ ಯುರೋಪಿಯನ್ ಜೇನಿನೊಂದಿಗೆ ಬೆರೆತವು, 1990ರ ಹೊತ್ತಿಗೆ ಆ ಮಿಶ್ರ ಸಂತತಿ ಟೆಕ್ಸಾಸ್ ತಲುಪಿತ್ತು. ಅದರ ಒಂದು ನೊಣದ ವಿಷ ಉಳಿದವುಗಳಿಗಿಂತ ಹೆಚ್ಚೇನೂ ತೀಕ್ಷ್ಣವಲ್ಲ. ಬಹಳ ಬೇಗ, ಬಹಳ ಸಂಖ್ಯೆಯಲ್ಲಿ, ಬಹಳ ದೂರ ಬೆನ್ನಟ್ಟುವುದೇ ಅಪಾಯ. ಇಂತಹ ಜೇನು ಇರುವ ಪ್ರದೇಶದಲ್ಲಿ ವಾಸಿಸುವವರು ಮುಂದಿನ ಹಂತಗಳನ್ನು ಸ್ವತಃ ಮಾಡಲು ಹೊರಡದೆ ಪರಿಣತರನ್ನು ಕರೆಯಬೇಕು.

ಹಂತ 4: ತೆರೆಯುವ ರೀತಿಯನ್ನು ತಿದ್ದಿಕೊಳ್ಳಿ

ನೊಣಗಳ ಮೇಲೆ ಹೊರಿಸುವ ಆರೋಪಗಳಲ್ಲಿ ಒಂದು ಪಾಲು ನಮ್ಮ ಕೈಗೇ ಸೇರಬೇಕು. ಮೋಡ ಕವಿದಾಗ, ಗುಡುಗಿನ ಮುಂಚೆ, ಗಾಳಿ ಬೀಸುವಾಗ, ಕತ್ತಲಾಗುವಾಗ ತೆರೆದರೆ ಮೇವಿನ ನೊಣಗಳೆಲ್ಲ ಮನೆಯಲ್ಲೇ ಇರುತ್ತವೆ. ಹೊಗೆತಿದಿಗೆ ಒಣ ಎಲೆ, ಗೋಣಿ ತುಂಡು, ತೆಂಗಿನ ನಾರಿನಂತಹ ನಿಧಾನ ಉರಿಯುವ ವಸ್ತುಗಳನ್ನು ತುಂಬಿ, ಕೈಗೆ ತಣ್ಣಗೆ ತಾಗುವ ದಟ್ಟ ಬಿಳಿಹೊಗೆ ಬರುವವರೆಗೆ ಊದಿ. ಪ್ರವೇಶದ್ವಾರಕ್ಕೆ ನಾಲ್ಕಾರು ಸಲ ಊದಿದ ಮೇಲೆ ಒಂದೆರಡು ನಿಮಿಷ ಸುಮ್ಮನೆ ಕಾಯುವುದು ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ, ಅದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೊಗೆಯು ಎಚ್ಚರಿಕೆಯ ಗಂಧವನ್ನು ಮರೆಮಾಡುತ್ತದೆ, ನೊಣಗಳು ಜೇನು ಕುಡಿದು ಹೊಟ್ಟೆ ತುಂಬಿಕೊಳ್ಳಲು ತೊಡಗುತ್ತವೆ. ಎರಡಕ್ಕೂ ಸ್ವಲ್ಪ ಹೊತ್ತು ಬೇಕು. ಕಿಡಿ ಹಾರುವ ಬಿಸಿಹೊಗೆ ಶಾಂತಗೊಳಿಸುವ ಬದಲು ಕೆರಳಿಸುತ್ತದೆ.

ಪೆಟ್ಟಿಗೆಯ ಮುಂದೆ ನಿಲ್ಲದೆ ಬದಿಯಲ್ಲಿ ಅಥವಾ ಹಿಂದೆ ನಿಲ್ಲಿ. ಅಂಚಿನ ಚೌಕಟ್ಟನ್ನು ಮೊದಲು ಹೊರತೆಗೆದು ಜಾಗ ಮಾಡಿಕೊಂಡರೆ ಉಳಿದವುಗಳನ್ನು ನೊಣ ಜಜ್ಜದೆ ಎತ್ತಬಹುದು, ಏಕೆಂದರೆ ಜಜ್ಜಿದ ಪ್ರತಿ ನೊಣವೂ ಎಚ್ಚರಿಕೆಯ ಗಂಧ ಬಿಡುತ್ತದೆ. ಕೆಲಸವಿಲ್ಲದ ಎರಿಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ, ಎರಿಗಳತ್ತ ಉಸಿರು ಬಿಡಬೇಡಿ. ಕೈಗವಸಿಗೆ ಕುಟುಕಿದರೆ ಆ ಜಾಗಕ್ಕೆ ಹೊಗೆ ಊದಿಕೊಳ್ಳಿ. ಹಿಂದಿನ ಸಲ ಕುಟುಕಿಸಿಕೊಂಡ ಉಡುಪನ್ನು ಒಗೆಯದೆ ಮತ್ತೆ ಧರಿಸಬಾರದು, ಅದನ್ನು ಮನೆಯವರ ಬಟ್ಟೆಯೊಂದಿಗೆ ಸೇರಿಸಿ ಒಗೆಯಲೂಬಾರದು.

ತುಡುವೆ ಸಾಕಿರುವವರಿಗೆ ಒಂದು ಮಾತು. ತುಡುವೆ ಸಾಮಾನ್ಯವಾಗಿ ಸಾಧು, ಆದರೆ ಪದೇ ಪದೇ ಕೆದಕಿದರೆ ಕುಟುಕುವುದಕ್ಕಿಂತ ಹೆಚ್ಚಾಗಿ ಇಡೀ ಕುಟುಂಬವೇ ಗೂಡು ಬಿಟ್ಟು ಪರಾರಿಯಾಗುತ್ತದೆ. ಹಾಗಾಗಿ ಹೊಗೆಯನ್ನು ಮಿತವಾಗಿ ಬಳಸಿ, ಪರೀಕ್ಷೆಗಳ ನಡುವೆ ಹೆಚ್ಚು ಅಂತರ ಕೊಡಿ.

ಹಂತ 5: ಬಲವನ್ನು ಒಡೆಯಿರಿ

ರಾಣಿಯನ್ನು ಬದಲಿಸಲೇಬೇಕು ಎಂದು ನಿರ್ಧರಿಸಿದ ಮೇಲೆ ಎದುರಾಗುವ ಕಷ್ಟವೆಂದರೆ ಹತ್ತಾರು ಸಾವಿರ ಕೆರಳಿದ ನೊಣಗಳ ನಡುವೆ ಅವಳನ್ನು ಹುಡುಕುವುದು. ಹೆಚ್ಚು ಕುಟುಕುವುವು ವಯಸ್ಸಾದ ನೊಣಗಳು. ಮರಿಗಳನ್ನು ಸಾಕುವ ಎಳೆಯ ದಾದಿ ನೊಣಗಳು ಅಷ್ಟಾಗಿ ಕುಟುಕುವುದಿಲ್ಲ. ಈ ವ್ಯತ್ಯಾಸವನ್ನೇ ಬಳಸಿಕೊಳ್ಳಬಹುದು. ಒಳ್ಳೆಯ ಬಿಸಿಲಿನ ದಿನ, ನೊಣಗಳು ಮೇವಿಗೆ ಹಾರುತ್ತಿರುವಾಗ, ಪೆಟ್ಟಿಗೆಯನ್ನು ತೆರೆಯದೆ ಇದ್ದ ಹಾಗೆಯೇ ಎತ್ತಿ ಹಿತ್ತಲ ಇನ್ನೊಂದು ಮೂಲೆಗೆ ಒಯ್ಯಿರಿ. ಹಳೆಯ ಜಾಗದಲ್ಲಿ ಖಾಲಿ ಪೆಟ್ಟಿಗೆಯಿಟ್ಟು, ಅದರೊಳಗೆ ಬೇರೆ ಕುಟುಂಬದಿಂದ ತಂದ ಮರಿಗಳಿರುವ ಒಂದು ಎರಿ ಮತ್ತು ಒಂದೆರಡು ಖಾಲಿ ಎರಿಗಳನ್ನು ಇಡಿ. ಮೇವಿಗೆ ಹೋದ ನೊಣಗಳು ನೆನಪಿನ ಜಾಗಕ್ಕೇ ಮರಳುತ್ತವೆ. ಒಂದೆರಡು ದಿನಗಳಲ್ಲಿ ಸರಿಸಿದ ಪೆಟ್ಟಿಗೆಯಲ್ಲಿ ಎಳೆಯ ನೊಣಗಳೂ ರಾಣಿಯೂ ಉಳಿದು ಅದು ಗುರುತು ಸಿಗದಷ್ಟು ಮೆತ್ತಗಾಗಿರುತ್ತದೆ. ಹಳೆಯ ಜಾಗದ ಪೆಟ್ಟಿಗೆಯ ಸುತ್ತ ಆ ದಿನಗಳಲ್ಲಿ ಯಾರೂ ಸುಳಿಯಬಾರದು, ಮುಂಗೋಪದವೆಲ್ಲ ಅಲ್ಲೇ ಸೇರಿರುತ್ತವೆ.

ಬೇರೆ ಕುಟುಂಬವಿಲ್ಲದವರು ಮರಿಗಳಿರುವ ಎರಿಯನ್ನು ಮುನಿದ ಪೆಟ್ಟಿಗೆಯಿಂದಲೇ ತೆಗೆಯಬೇಕಾಗುತ್ತದೆ. ಆಗ ಅದರ ಮೇಲೆ ರಾಣಿ ಇಲ್ಲವೆಂಬುದನ್ನು ಎರಡು ಸಲ ನೋಡಿಕೊಳ್ಳಿ.

ಹಂತ 6: ರಾಣಿಯನ್ನು ಹುಡುಕಿ

ರಾಣಿ ಇರುವ, ಸರಿಸಿದ ಪೆಟ್ಟಿಗೆ ಎರಡು ಅಂತಸ್ತಿನದಾದರೆ ನಡುವೆ ರಾಣಿತಡೆ ಜಾಲರಿ ಇಟ್ಟು ಮುಚ್ಚಿಬಿಡಿ. ನಾಲ್ಕು ದಿನಗಳ ನಂತರ ಯಾವ ಅಂತಸ್ತಿನಲ್ಲಿ ಮೊಟ್ಟೆಗಳಿವೆಯೋ ರಾಣಿ ಅಲ್ಲಿದ್ದಾಳೆ, ಏಕೆಂದರೆ ಮೊಟ್ಟೆ ಮೂರು ದಿನಕ್ಕೆ ಒಡೆಯುವುದರಿಂದ ಇನ್ನೊಂದರಲ್ಲಿ ಮರಿಹುಳುಗಳು ಮಾತ್ರ ಉಳಿದಿರುತ್ತವೆ. ಹುಡುಕುವ ಕೆಲಸ ಅರ್ಧಕ್ಕಿಳಿಯಿತು.

ಆಗಲೂ ಸಿಗದಿದ್ದರೆ ಸೋಸಬೇಕು. ಹೊಸ ಅಡಿಹಲಗೆಯ ಮೇಲೆ ಖಾಲಿ ಎರಿಗಳಿರುವ ಪೆಟ್ಟಿಗೆ, ಅದರ ಮೇಲೆ ಜಾಲರಿ, ಅದರ ಮೇಲೆ ಏನೂ ಇಲ್ಲದ ಖಾಲಿ ಪೆಟ್ಟಿಗೆ ಇಡಿ. ಪ್ರತಿ ಚೌಕಟ್ಟಿನ ನೊಣಗಳನ್ನೂ ಆ ಮೇಲಿನ ಖಾಲಿ ಪೆಟ್ಟಿಗೆಯೊಳಗೆ ಕೊಡವಿ, ಮೇಲಿನಿಂದ ಹಗುರವಾಗಿ ಹೊಗೆ ಕೊಟ್ಟರೆ ಕೆಲಸಗಾರ ನೊಣಗಳು ಜಾಲರಿ ದಾಟಿ ಕೆಳಗಿಳಿಯುತ್ತವೆ. ಗಂಡು ನೊಣಗಳೊಂದಿಗೆ ರಾಣಿ ಮೇಲುಳಿಯುತ್ತಾಳೆ. ಹಳೆಯ ಪೆಟ್ಟಿಗೆಯ ಗೋಡೆ, ಮುಚ್ಚಳದ ಒಳಬದಿಯನ್ನು ಮರೆಯದೆ ನೋಡಿ. ಈ ಕೆಲಸ ಮಾಡುವಾಗ ನೊಣಗಳು ಗಾಳಿಯಲ್ಲಿ ತುಂಬಿಕೊಳ್ಳುವುದರಿಂದ ಐದನೆಯ ಹಂತ ಮುಗಿಸದೆ ಇದಕ್ಕೆ ಕೈಹಾಕಬಾರದು. ಹೊಗೆ ವಿಪರೀತವಾದರೆ ರಾಣಿ ಎರಿಯಿಂದೆರಿಗೆ ಓಡುತ್ತಾಳೆ ಎಂಬುದೂ ನೆನಪಿರಲಿ.

ಹಂತ 7: ಹೊಸ ರಾಣಿಯನ್ನು ಸೇರಿಸಿ

ರಾಣಿಯನ್ನು ಕೊಂದು, ಕುಟುಂಬವೇ ಹೊಸಬಳನ್ನು ಬೆಳೆಸಿಕೊಳ್ಳಲಿ ಎಂದು ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಬೆಳೆಯುವವಳು ಅದೇ ಮುಂಗೋಪಿ ರಾಣಿಯ ಮಗಳು, ಕೂಡುವುದು ಸುತ್ತಲಿನ ಅದೇ ಗಂಡು ನೊಣಗಳೊಂದಿಗೆ. ಸಾಧು ಸ್ವಭಾವಕ್ಕೆ ಹೆಸರಾದ ಕುಟುಂಬದಿಂದ ಬಂದ, ಮೊಟ್ಟೆಯಿಡಲು ತೊಡಗಿರುವ ರಾಣಿಯೇ ಬೇಕು. ಅವಳು ಕೈಗೆ ಸಿಕ್ಕ ಮೇಲಷ್ಟೇ ಹಳೆಯವಳನ್ನು ತೆಗೆಯಿರಿ. ಒಂದು ಜಾತಿಯ ಕುಟುಂಬಕ್ಕೆ ಇನ್ನೊಂದು ಜಾತಿಯ ರಾಣಿಯನ್ನು ಸೇರಿಸಲಾಗದು.

ಹಳೆಯ ರಾಣಿಯನ್ನು ತೆಗೆದ ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಹೊಸಬಳ ಪಂಜರವನ್ನು ಮರಿಗಳಿರುವ ಎರಿಗಳ ನಡುವೆ, ಬಲೆ ನೊಣಗಳಿಗೆ ತಾಗುವಂತೆ ಸಿಕ್ಕಿಸಿ. ಪಂಜರದ ಬಾಯಲ್ಲಿ ಸಕ್ಕರೆ ಕಣಕವಿರುತ್ತದೆ, ಅದನ್ನು ತಿಂದು ನೊಣಗಳು ರಾಣಿಗೆ ದಾರಿ ಬಿಡುತ್ತವೆ. ಆದರೆ ಮುಂಗೋಪಿ ಕುಟುಂಬದಲ್ಲಿ ಮೊದಲ ಮೂರು ನಾಲ್ಕು ದಿನ ಆ ಬಾಯನ್ನೂ ಮುಚ್ಚಿಡುವುದು ಕ್ಷೇಮ. ನಂತರ ನೋಡಿದಾಗ ನೊಣಗಳು ಬಲೆಯನ್ನು ಕಚ್ಚಿಹಿಡಿದು ದಟ್ಟವಾಗಿ ಮುತ್ತಿದ್ದು, ಬೆರಳಿನಿಂದ ಸರಿಸಿದರೂ ಸರಿಯದಿದ್ದರೆ ಇನ್ನೂ ಒಪ್ಪಿಲ್ಲ. ಸಡಿಲವಾಗಿ ಓಡಾಡುತ್ತ ನಾಲಿಗೆ ಚಾಚಿ ಅವಳಿಗೆ ಉಣಿಸುತ್ತಿದ್ದರೆ ಬಾಯಿ ತೆರೆಯಬಹುದು. ಅದಕ್ಕೂ ಮೊದಲು ಪ್ರತಿ ಎರಿಯ ನೊಣಗಳನ್ನು ಕೊಡವಿ ಎಲ್ಲ ರಾಣಿ ಕೋಶಗಳನ್ನೂ ಕಿತ್ತುಹಾಕಬೇಕು. ಒಂದೇ ಒಂದು ಉಳಿದರೂ ತಂದ ರಾಣಿಯ ಗತಿ ಮುಗಿಯಿತು.

ಇದಕ್ಕಿಂತ ನಿಧಾನವಾದ, ನಾನು ಹೆಚ್ಚು ಒಪ್ಪುವ ದಾರಿ ಇನ್ನೊಂದಿದೆ. ಸಾಧು ಕುಟುಂಬವೊಂದರ ಎರಡು ಮೂರು ಎರಿ ದಾದಿ ನೊಣಗಳಿಂದ ಪುಟ್ಟ ಕುಟುಂಬ ಮಾಡಿ, ಹೊಸ ರಾಣಿಯನ್ನು ಮೊದಲು ಅದಕ್ಕೆ ಸೇರಿಸಿ. ಅವಳು ನೆಲೆಯೂರಿ ಚೆನ್ನಾಗಿ ಮೊಟ್ಟೆಯಿಡುತ್ತಿರುವಾಗ, ಮುಂಗೋಪಿ ಕುಟುಂಬದ ರಾಣಿಯನ್ನು ತೆಗೆದು, ಎರಡರ ನಡುವೆ ಒಂದು ಹಾಳೆ ವೃತ್ತಪತ್ರಿಕೆ ಹಾಸಿ ಒಂದರ ಮೇಲೊಂದು ಇಡಿ. ಕಾಗದವನ್ನು ಎರಡೂ ಕಡೆಯಿಂದ ಕಡಿದು ತೂತು ಮಾಡುವಷ್ಟರಲ್ಲಿ ಇಬ್ಬರ ವಾಸನೆಯೂ ಬೆರೆತಿರುತ್ತದೆ. ತಂದ ರಾಣಿ ಸಾಯುವ ಸಂಭವ ಹೀಗೆ ಬಹಳ ಕಡಿಮೆ.

ಇಷ್ಟೆಲ್ಲ ಮಾಡಲು ಸಮಯವಿಲ್ಲದೆ, ಸಾಗಿಸಲು ಜಾಗವೂ ಇಲ್ಲದೆ, ಜನರಿಗೆ ಅಪಾಯ ಮುಂದುವರಿಯುತ್ತಿದ್ದರೆ ಕುಟುಂಬವನ್ನು ನಾಶಮಾಡಬೇಕಾಗಬಹುದು. ಅನುಭವಿಗಳ ನೆರವಿನಿಂದ, ಕತ್ತಲಾಗಿ ಎಲ್ಲ ನೊಣಗಳು ಒಳಸೇರಿದ ಮೇಲೆ ಪ್ರವೇಶದ್ವಾರ ಮುಚ್ಚಿ, ಪಾತ್ರೆ ತೊಳೆಯುವ ಸಾಬೂನು ದ್ರವ ಬೆರೆಸಿದ ನೀರನ್ನು ಧಾರಾಳವಾಗಿ ಸುರಿಯುವುದು ಅದರ ಕ್ರಮ. ಸಾಬೂನು ನೀರು ನೊಣದ ಉಸಿರಾಟದ ರಂಧ್ರಗಳೊಳಗೆ ಇಳಿಯುತ್ತದೆ. ಬೆಂಕಿ, ಸೀಮೆಎಣ್ಣೆ, ಕೀಟನಾಶಕ ಬೇಡ. ವಿಷ ತಾಗಿದ ಜೇನನ್ನು ಬೇರೆ ಕುಟುಂಬಗಳು ದೋಚಿಕೊಂಡು ಹೋಗುತ್ತವೆ.

ಹಂತ 8: ಕಾಯುವ ಕಾಲ

ಹೊಸ ರಾಣಿ ಬಂದ ಮರುದಿನವೇ ಶಾಂತಿ ನೆಲೆಸದು. ಹಳೆಯ ರಾಣಿಯ ಕೊನೆಯ ಮೊಟ್ಟೆ ನೊಣವಾಗಲು 21 ದಿನ ಬೇಕು, ಹಾಗೆ ಹುಟ್ಟಿದವು ಚಟುವಟಿಕೆಯ ಹಂಗಾಮಿನಲ್ಲಿ ಸುಮಾರು ಆರು ವಾರ ಬದುಕುತ್ತವೆ. ಒಂದು ತಿಂಗಳಲ್ಲಿ ಸುಧಾರಣೆ ಕಾಣಲು ತೊಡಗಿ, ಎರಡು ತಿಂಗಳ ಸುಮಾರಿಗೆ ಪೂರ್ತಿ ಬದಲಾವಣೆ ತಿಳಿಯುತ್ತದೆ. ಅಲ್ಲಿಯವರೆಗೆ ಮೊದಲ ಹಂತದ ಎಚ್ಚರಿಕೆಗಳನ್ನು ಸಡಿಲಿಸಬೇಡಿ. ಈ ಅವಧಿಯಲ್ಲಿ ಹಳೆಯ ಸಂತತಿಯ ಗಂಡು ನೊಣಗಳ ಮರಿಗಳು ಕಂಡರೆ ಕತ್ತರಿಸಿ ತೆಗೆಯಿರಿ, ಸುತ್ತಲಿನ ಎಳೆಯ ರಾಣಿಯರು ಕೂಡುವುದು ಅವುಗಳೊಂದಿಗೇ.

ಪಂಜರದಲ್ಲಿರುವಾಗಲೇ ಹೊಸ ರಾಣಿಯ ಬೆನ್ನಿಗೆ, ರಾಣಿ ಗುರುತಿಗೆಂದೇ ಸಿಗುವ ಬಣ್ಣದ ಒಂದು ಚುಕ್ಕೆ ಹಚ್ಚಿ ದಿನಾಂಕ ಬರೆದಿಡಿ. ಮುಂದೆಂದಾದರೂ ಈ ಪೆಟ್ಟಿಗೆ ಮತ್ತೆ ರೇಗಿದರೆ ಮೊದಲು ಆ ಚುಕ್ಕೆಯನ್ನು ಹುಡುಕಿ. ಚುಕ್ಕೆಯ ರಾಣಿಯೇ ಇದ್ದರೆ ಮೂರನೆಯ ಹಂತದ ಹೊರಗಿನ ಕಾರಣಗಳಿಂದ ಶುರುಮಾಡಿ. ಚುಕ್ಕೆಯಿಲ್ಲದವಳು ಕಂಡರೆ ನಿಮಗೆ ತಿಳಿಯದಂತೆ ರಾಣಿ ಬದಲಾಗಿದ್ದಾಳೆ, ಎರಡನೆಯ ಹಂತದ ಮೂರು ಪರೀಕ್ಷೆಗಳನ್ನು ಮತ್ತೆ ಮಾಡಬೇಕಾಗುತ್ತದೆ.